ಸಕಾರವಿಲ್ಲದ ಒಂದೂವರೆ ವರ್ಷ

ನನ್ನ ಮೇಲಿನ ದವಡೆಯಲ್ಲಿ ಉಳಿದಿದ್ದ ಕೊನೆಯ ಐದು ಹಲ್ಲುಗಳು ಹೋದದ್ದು ಬೇಸಗೆ ರಜೆಯಲ್ಲಿ, ಪುತ್ತೂರಿನಲ್ಲಿ. ರಜೆ ನೋಡಿಯೇ ದಿನ ಗೊತ್ತು ಮಾಡಿಕೊಂಡಿದ್ದೆ. ಜೂನ್‌ನಲ್ಲಿ ಶಾಲೆ ಸುರುವಾಗುವಾಗ ಬಾಯಲ್ಲಿ ಹೊಸ ಹಲ್ಲು ಕೂತಿರುತ್ತದೆ ಎಂದುಕೊಂಡಿದ್ದವಳು ನಾನು. ಹಲ್ಲಿನ ಡಾಕ್ಟರಮ್ಮ ಹಾಗೆಂದು ಒಮ್ಮೆಯೂ ಹೇಳಿರಲಿಲ್ಲ. ನನ್ನದು ಮೊದಲಿನಿಂದಲೂ ಹೀಗೆ, ಬೇಕಾದದ್ದು ಮಾತ್ರ ಕಿವಿಗೆ ಬೀಳುತ್ತದೆ.

“ಒಂದೂ ಗಟ್ಟಿ ಇಲ್ಲ ಟೀಚರೇ,” ಎಂದಿದ್ದರು ಅವರು. “ಶುಗರ್ ಒಸಡನ್ನೆಲ್ಲ ತಿಂದಾಗಿದೆ. ಇದನ್ನು ಕಿತ್ತು, ಗಾಯ ಒಣಗಿ, ಆಮೇಲೆ ಎಲುಬಿಗೆ ನಾಲ್ಕು ಸ್ಕ್ರೂ ಹಾಕುದು. ಅದು ಎಲುಬಿಗೆ ಹಿಡಿದ ಮೇಲೆ ಹಲ್ಲಿನ ಸೆಟ್ಟು ಕೂರಿಸುದು. ಅರ್ಜೆಂಟು ಮಾಡಿದ್ರೆ ಆಗುದಿಲ್ಲ.”

ಆ ಸೆಟ್ಟು ಸ್ಕ್ರೂಗಳ ಮೇಲೆ ಟಕ್ಕೆಂದು ಕೂರುತ್ತದೆ, ಬೇಕಾದಾಗ ಎಳೆದು ತೆಗೆದು ತೊಳೆಯಬಹುದು ಎಂದು ಮನೆಯಲ್ಲಿ ವಿವರಿಸಿದಾಗ ನನ್ನ ಗಂಡನಿಗೆ ತಟ್ಟನೆ ಅರ್ಥವಾಯಿತು. ಅವರು ಕಡಬ ಪೇಟೆಯಲ್ಲಿ ಟೈಲರ್. “ಟಿಚ್ ಬಟನ್ ಅಂತ ಹೇಳು. ನಿನ್ನ ಬಾಯಿಗೆ ಅದೊಂದು ಯಾವತ್ತೋ ಬೇಕಿತ್ತು ಮಾರಾಯ್ತಿ,” ಎಂದರು. ನಾನು ಹಲ್ಲು ಕಡಿಯುವ ಹಾಗೂ ಇರಲಿಲ್ಲ.

ನನ್ನ ತವರು ಸುಳ್ಯದ ಹತ್ತಿರ ಅಜ್ಜಾವರ. ಮನೆಮಾತು ಅರೆಭಾಷೆ. ಕೆಲಸ ಇಚಿಲಂಪಾಡಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವುದು. ಈ ಮಕ್ಕಳ ಮನೆಗಳಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಎಲ್ಲ ಉಂಟು, ಕನ್ನಡ ಒಂದು ಇಲ್ಲ. ಕನ್ನಡ ಅವರ ಬಾಯಿಗೆ ಹೋಗುವುದು ನನ್ನ ಬಾಯಿಯಿಂದ. ಇಪ್ಪತ್ತೇಳು ವರ್ಷ ಆ ಹೆಮ್ಮೆಯಲ್ಲೇ ಬದುಕಿದವಳು ನಾನು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ದೊಡ್ಡವರನ್ನೂ ಬಿಡುತ್ತಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಪಕ್ಕದವರ ಉಚ್ಚಾರ ತಿದ್ದಿ ಬೈಸಿಕೊಂಡದ್ದೂ ಉಂಟು.

ಜೂನ್‌ನಲ್ಲಿ ತಾತ್ಕಾಲಿಕದ ಒಂದು ಪ್ಲೇಟು ಕೊಟ್ಟಿದ್ದರು. ಗುಲಾಬಿ ಬಣ್ಣದ್ದು, ಅಂಗುಳಿಗೆ ಅಂಟಿಸಿಕೊಳ್ಳುವಂಥದ್ದು. ನನ್ನ ದವಡೆಯ ಎಲುಬು ಸವೆದು ಚಪ್ಪಟೆಯಾಗಿತ್ತು, ಅದಕ್ಕೆ ನಿಲ್ಲಲು ಜಾಗವೇ ಇರಲಿಲ್ಲ. ಮೊದಲ ವಾರವೇ ಪ ಫ ಬ ಭ ಹೇಳಿಕೊಡುವಾಗ ‘ಫ’ಕ್ಕೆ ಹಾರಿ ಒಬ್ಬನ ಸ್ಲೇಟಿನ ಮೇಲೆ ಬಿತ್ತು. ಮಕ್ಕಳು ನಗಲಿಲ್ಲ, ಹೆದರಿದರು. ಆವತ್ತಿನಿಂದ ಅದನ್ನು ಡಬ್ಬಿಗೆ ಹಾಕಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಪಾಠ ಮಾಡಲು ಸುರು ಮಾಡಿದೆ. ಕೆಲವರು ಟೀಚರ್‌ಗೆ ಜ್ವರವಾ ಎಂದು ಕೇಳಿದರು. ಹೌದು ಎಂದೆ.

ಮೇಲಿನ ಹಲ್ಲಿಲ್ಲದೆ ಎಲ್ಲ ಅಕ್ಷರಗಳೂ ಒಂದಿಷ್ಟು ಬಳುಕುತ್ತವೆ. ಆದರೆ ಸತ್ತೇ ಹೋಗುವುದು ಸ. ಶ, ಷ ಎರಡೂ ಅದರ ಹಿಂದೆಯೇ ಹೋಗುತ್ತವೆ. ನಾಲಗೆ ಹೋಗಿ ತಾಗಬೇಕಾದ ಕಡೆ ಗೋಡೆಯೇ ಇಲ್ಲ, ಗಾಳಿ ಬುಸ್ಸೆಂದು ಹೊರಗೆ ಹೋಗಿ ‘ಹ’ ಆಗುತ್ತದೆ. ಯ ರ ಲ ವ ಶ ಷ ಸ ಹ ಳ ಎಂದು ನಾನು ಹೇಳಿಕೊಟ್ಟದ್ದು ಮಕ್ಕಳ ಬಾಯಲ್ಲಿ ಯ ರ ಲ ವ ಹ ಹ ಹ ಹ ಳ ಎಂದು ಬರುತ್ತಿತ್ತು. ಇಡೀ ಕೋಣೆ ನಕ್ಕ ಹಾಗೆ ಕೇಳುತ್ತಿತ್ತು.

ಹಾಗಾದರೆ ಆಗಲೇ ಯಾಕೆ ಎಚ್ಚರವಾಗಲಿಲ್ಲ ಎಂದರೆ, ನನ್ನ ಹತ್ತಿರ ಕಾರಣಗಳು ಬೇಕಾದಷ್ಟಿದ್ದವು. ಒಂದನೆಯ ತರಗತಿ ಎಂದರೆ ಹಾಲುಹಲ್ಲು ಬೀಳುವ ಪ್ರಾಯ, ಅರ್ಧ ಮಕ್ಕಳಿಗೆ ಮುಂದಿನ ಹಲ್ಲೇ ಇರಲಿಲ್ಲ. ಹಲ್ಲು ಬಂದ ಮೇಲೆ ಸರಿಯಾಗುತ್ತದೆ ಎಂದುಕೊಂಡೆ. ಇನ್ನೊಂದು, ನಮ್ಮ ಕಡೆ ಮನೆಗೊಂದು ಮಾತು. ಸೊಪ್ಪಿಗೆ ತುಳುವಿನಲ್ಲೇ ಒಂದು ಮನೆಯವರು ತಪ್ಪು ಅನ್ನುತ್ತಾರೆ, ಇನ್ನೊಬ್ಬರು ಸಪ್ಪು, ಮತ್ತೊಬ್ಬರು ಹಪ್ಪು. ಯಾರೂ ಯಾರನ್ನೂ ತಿದ್ದುವುದಿಲ್ಲ, ಅವರ ಮನೆಯ ಭಾಷೆ ಹಾಗೆ ಎಂದು ಬಿಡುತ್ತಾರೆ. ಮಕ್ಕಳ ಹ ಕೇಳಿ ನಾನೂ ಹಾಗೇ ಬಿಟ್ಟೆ, ಮಕ್ಕಳ ಮನೆಯವರು ಟೀಚರ ಮನೆಯ ಭಾಷೆ ಹಾಗೆ ಎಂದು ಬಿಟ್ಟರು.

ಮೂರನೆಯ ಕಾರಣ ಹೇಳಲು ನಾಚಿಕೆಯಾಗುತ್ತದೆ. ಮಕ್ಕಳು ನನ್ನನ್ನು ಅಣಕಿಸುತ್ತಿದ್ದಾರೆ ಎಂಬ ಸಂಶಯ ನನ್ನೊಳಗೆ ಸಣ್ಣಗೆ ಉರಿಯುತ್ತಲೇ ಇತ್ತು.

ಆ ವರ್ಷ ಒಂದನೆಯ ತರಗತಿಗೆ ಒಬ್ಬಳು ಹುಡುಗಿ ಸೇರಿದ್ದಳು. ಅಪ್ಪ ಅಮ್ಮ ರಬ್ಬರ್ ಟ್ಯಾಪಿಂಗಿಗೆಂದು ಕೇರಳದಿಂದ ಬಂದವರು, ತೋಟದ ಬದಿಯ ಎರಡು ಕೋಣೆಯ ಮನೆಯಲ್ಲಿದ್ದರು. ಜೂನ್‌ನಲ್ಲಿ ಅವಳಿಗೆ ಕನ್ನಡದ ಒಂದು ಶಬ್ದವೂ ಗೊತ್ತಿರಲಿಲ್ಲ. ದೀಪಾವಳಿ ದಾಟುವಾಗ ಪಾಠದ ಕಾರ್ಡುಗಳನ್ನೆಲ್ಲ ಗಡಗಡ ಓದುತ್ತಿದ್ದಳು. ನಾನು ಬಾಯಿ ತೆರೆದರೆ ಸಾಕು, ಅವಳು ಕಿವಿಯಾಗುತ್ತಿದ್ದಳು. ಅಂಥ ಮಗು ಹತ್ತು ವರ್ಷಕ್ಕೊಂದು ಸಿಕ್ಕಿದರೆ ಪುಣ್ಯ. ನನಗೆ ಅವಳೆಂದರೆ ಜೀವ, ಆದರೆ ತೋರಿಸಿಕೊಂಡವಳಲ್ಲ.

ಅಷ್ಟರಲ್ಲಿ ದಸರಾ ರಜೆಯಲ್ಲಿ ನಾಲ್ಕು ಸ್ಕ್ರೂಗಳೂ ನನ್ನ ದವಡೆಗೆ ಹೋಗಿದ್ದವು. ಮರಗಟ್ಟುವ ಇಂಜೆಕ್ಷನ್ ಕೊಟ್ಟದ್ದರಿಂದ ನೋವಿರಲಿಲ್ಲ, ಆದರೆ ಕೊರೆಯುವ ಶಬ್ದ ತಲೆಯ ಒಳಗೇ ಕೇಳುತ್ತದೆ. ಅದರ ಮೇಲೆ ಪ್ಲೇಟು ಒತ್ತಬಾರದು, ಹಾಕಬೇಡಿ ಎಂದಿದ್ದರು. ಗಂಜಿ, ಮೆತ್ತಗಿನ ಮುದ್ದೆ ಅನ್ನ, ಬೇಯಿಸಿದ ಕುಂಬಳಕಾಯಿ ತಿಂದುಕೊಂಡು ಬೇಸಗೆ ರಜೆಯನ್ನು ಕಾಯುತ್ತಿದ್ದೆ. ಶುಗರ್ ಏರಬಾರದೆಂದು ಚಹಾಕ್ಕೆ ಬೆಲ್ಲವನ್ನೂ ಬಿಟ್ಟೆ.

ಜನವರಿಯಲ್ಲಿ ಮೇಲಿನಿಂದ ಒಬ್ಬರು ಅಧಿಕಾರಿ ಶಾಲೆ ನೋಡಲು ಬಂದರು. ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ನಾನು ದೊಡ್ಡಸ್ತಿಕೆಯಿಂದ ಆ ಹುಡುಗಿಯನ್ನೇ ಎಬ್ಬಿಸಿ ಓದಲು ಹೇಳಿದೆ. ಕಾರ್ಡಿನಲ್ಲಿ ಇದ್ದದ್ದು ಸಂಜೆ ಆಯಿತು, ಸೂರ್ಯ ಮುಳುಗಿದ, ಹಸು ಮನೆಗೆ ಬಂತು ಎಂದು. ಅವಳು ಎದೆ ಸೆಟೆಸಿ ನಿಂತು, ಒಂದು ಕಡೆಯೂ ತಡವರಿಸದೆ ಓದಿದಳು: “ಹಂಜೆ ಆಯಿತು. ಹೂರ್ಯ ಮುಳುಗಿದ. ಹಹು ಮನೆಗೆ ಬಂತು.”

ಅಧಿಕಾರಿ ನಗು ತಡೆದುಕೊಂಡು ನನ್ನನ್ನು ಕೇಳಿದರು: “ಇದು ಈ ಕಡೆ ಕನ್ನಡವಾ ಮೇಡಂ?”

ಅವಳ ಬಾಯಿ ನೋಡಿದೆ. ಹೊಸ ಹಲ್ಲುಗಳು ಅಗಲಕ್ಕೆ ಬಂದು ಸಾಲಾಗಿ ನಿಂತಿದ್ದವು. ಹಲ್ಲಿದ್ದೂ ಹೀಗೆ ಓದಿದಳು ಎಂದರೆ ಬೇಕೆಂದೇ ಓದಿದ್ದು ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅಧಿಕಾರಿ ಹೋದ ಮೇಲೆ ಅವಳನ್ನು ಮುಂದೆ ನಿಲ್ಲಿಸಿ, ಎಲ್ಲರ ಎದುರು ಬೈದೆ. ನನ್ನನ್ನು ಅಣಕಿಸುದಾ ಎಂದು ಕೇಳಬೇಕಿತ್ತು, ಬಾಯಿಂದ ಬಂದದ್ದು ‘ಅಣಕಿಹುದಾ’ ಎಂದು. ಅದನ್ನು ಕೇಳಿ ಹಿಂದೆ ಯಾರೋ ಕಿಸಕ್ಕೆಂದರು. ಆ ಸಿಟ್ಟೂ ಅವಳ ಮೇಲೆಯೇ ಹೋಯಿತು. ಇನ್ನು ನೀನು ಓದುವುದು ಬೇಡ, ಬಾಯಿ ಮುಚ್ಚಿ ಕೂತುಕೋ ಎಂದೆ. ಅವಳು ಹೇಳಿದ ಹಾಗೆ ಕೂತಳು.

ಮರುದಿನ ಬೆಳಿಗ್ಗೆ ಅವಳ ಅಮ್ಮ ಗೇಟಿನ ಹತ್ತಿರ ನಿಂತಿದ್ದರು. ಟ್ಯಾಪಿಂಗ್ ಮುಗಿಸಿ ನೇರ ಬಂದದ್ದು, ಕೈಯಲ್ಲಿ ರಬ್ಬರ್ ಹಾಲಿನ ವಾಸನೆ. ನಾನು ಅವರ ಹತ್ತಿರ ಮಲಯಾಳ ಮಾತಾಡಬಹುದಿತ್ತು, ಅಜ್ಜಾವರದಲ್ಲಿ ಬೆಳೆದವರಿಗೆ ಅದು ಕಷ್ಟವೇನಲ್ಲ. ಆದರೆ ಅವರು ಮರ್ಯಾದೆಗೆಂದು ಕನ್ನಡದಲ್ಲೇ ಸುರು ಮಾಡಿದರು.

“ಟೀಚರ್, ನಿಮಗೆ ಹಿಟ್ಟು ಬಂತು ಅಂತ ಮಗಳು ಹೇಳಿದಳು.”

ಯಾವ ಹಿಟ್ಟು, ಬಿಸಿಯೂಟದ್ದಾ ಎಂದು ನಾನು ಯೋಚಿಸುತ್ತಿದ್ದೆ.

“ಅವಳು ಎಂತ ತಪ್ಪು ಮಾಡಿದಳು? ದಿನಾ ಹಾಲೆಯಿಂದ ಬಂದು ನೀವು ಹೇಳಿದ ಹಾಗೆಯೇ ಓದುದು. ನಾವು ಬಂದು ಒಂದು ವರ್ಹ ಆಗಲಿಲ್ಲ. ನನಗೂ ಅವಳೇ ಹ್ವಲ್ಪ ಹ್ವಲ್ಪ ಕಲಿಹುದು. ತಪ್ಪಿದ್ರೆ ಕ್ಹಮಿಹಿ ಟೀಚರ್.”

ಹಿಟ್ಟಲ್ಲ, ಸಿಟ್ಟು. ಹಾಲೆ ಅಲ್ಲ, ಶಾಲೆ. ಮೂವತ್ತು ವರ್ಷದ ಒಬ್ಬಳು ಹೆಂಗಸು, ಗಟ್ಟಿಯಾದ ಹಲ್ಲಿನವಳು, ನನ್ನ ಎದುರು ನಿಂತು ನನ್ನ ಬೊಚ್ಚುಬಾಯಿಯ ಕನ್ನಡ ಮಾತಾಡುತ್ತಿದ್ದಳು. ನನ್ನ ಬಾಯಿಯಿಂದ ಮಗಳಿಗೆ, ಮಗಳಿಂದ ಅಮ್ಮನಿಗೆ ಹೋಗಿತ್ತು ಅದು. ಏನೂ ತಪ್ಪಿಲ್ಲ ನೀವು ಹೋಗಿ ಎಂದು ಕೈಸನ್ನೆ ಮಾಡಿದೆ. ಬಾಯಿ ಬಿಡಲು ಧೈರ್ಯವಾಗಲಿಲ್ಲ.

ಮಧ್ಯಾಹ್ನ ಹುಡುಗಿಯನ್ನು ಒಬ್ಬಳನ್ನೇ ಹತ್ತಿರ ಕೂರಿಸಿಕೊಂಡೆ. ಕಾರ್ಡಿನ ಚಿತ್ರ ತೋರಿಸಿ, ಮಲಯಾಳದಲ್ಲಿ ಇದಕ್ಕೆ ಎಂತ ಹೇಳುದು ಎಂದು ಕೇಳಿದೆ.

“ಸೂರ್ಯನ್,” ಎಂದಳು. ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾದ ಸ.

“ಕನ್ನಡದಲ್ಲಿ?”

ಅವಳು ಕಾರ್ಡಿನಿಂದ ಬೆರಳು ತೆಗೆದಳು. ಮತ್ತೆ ಬೈಗುಳ ಬೀಳುತ್ತದೆ ಎಂದು ಹೆದರಿದ್ದಳು. ತಲೆ ಸವರಿ, ಹೇಳು ಎಂದೆ.

“ಮಲಯಾಳದ ಪಾಲ್ ಕನ್ನಡದಲ್ಲಿ ಹಾಲು ಅಲ್ವಾ ಟೀಚರ್. ಪೂವ್ ಅಂದ್ರೆ ಹೂವು. ಪುಲಿ ಹುಲಿ. ಹಾಗೆ ಸೂರ್ಯನ್ ಅಂದ್ರೆ ಹೂರ್ಯ.”

ಆರು ವರ್ಷದ ಮಗು ಸ್ವಂತ ಬುದ್ಧಿಯಿಂದ ವ್ಯಾಕರಣ ಕಟ್ಟಿಕೊಂಡಿತ್ತು. ಅವಳ ಸೂತ್ರದಲ್ಲಿ ತಪ್ಪು ಹುಡುಕಲು ಸಾಧ್ಯವೇ ಇಲ್ಲ, ನನ್ನ ಬಾಯಿಯೇ ಅದಕ್ಕೆ ಸಾಕ್ಷಿ ಹೇಳಿತ್ತು. ಆ ಮಗುವನ್ನು ನಾನು ಎಲ್ಲರ ಎದುರು ಬಾಯಿ ಮುಚ್ಚು ಎಂದದ್ದು.

“ಹಾಗಲ್ಲ ಮಗಳೇ, ಅದು ಹೂರ್ಯ ಅಲ್ಲ,” ಎಂದೆ, “ಅದು ಹೂರ್ಯ.”

ಅವಳು ನನ್ನನ್ನೇ ನೋಡಿದಳು. ನಾನು ಮಾಸ್ಕ್ ಕೆಳಗಿಳಿಸಿ, ಖಾಲಿ ಒಸಡನ್ನು ತೋರಿಸಿ, ಕೆಳಗಿನ ಹಲ್ಲಿಗೆ ನಾಲಗೆ ಒತ್ತಿ, ಇದ್ದಬದ್ದ ಉಸಿರನ್ನೆಲ್ಲ ಬಿಟ್ಟು ಮತ್ತೆ ಹೇಳಿದೆ. ಹ ಅಲ್ಲ, ಹ. ಹ ಅಲ್ಲ, ಹ. ಕಿವಿಗೆ ಎರಡೂ ಗೊತ್ತಿತ್ತು, ಬಾಯಿ ಒಂದನ್ನೇ ಕೊಡುತ್ತಿತ್ತು. ಕೊನೆಗೆ ನನಗೆ ಅಳು ಬಂತು. ಅವಳು ಎದ್ದು ಹೋಗಿ ನನ್ನ ನೀರಿನ ಬಾಟಲಿ ತಂದು ಕೊಟ್ಟಳು.

ಮೊಬೈಲಿನಲ್ಲಿ ಸರಿಯಾದ ಉಚ್ಚಾರ ಕೇಳಿಸಿದೆ. ಮಕ್ಕಳು ಚೆಂದ ಮಾಡಿ ಕೇಳಿದರು, ಅದು ಮೊಬೈಲಿನ ಕನ್ನಡ ಎಂದರು. ಹೆಡ್‌ಮಾಸ್ಟರ ಹತ್ತಿರ ಬೇಡಿಕೊಂಡು ಎರಡು ದಿನ ನನ್ನ ಬದಲು ಅವರನ್ನೇ ಕ್ಲಾಸಿಗೆ ಕಳಿಸಿದೆ. ಅವರ ಎದುರು ಎಲ್ಲರೂ ಸೂರ್ಯ ಎಂದು ಸರಿಯಾಗಿ ಹೇಳಿದರಂತೆ. ನಾನು ಹೋದ ಕೂಡಲೇ ಮತ್ತೆ ಹೂರ್ಯ. ಅಜ್ಜಿಯ ಹತ್ತಿರ ತುಳು, ಅಂಗಡಿಯಲ್ಲಿ ಬ್ಯಾರಿ ಮಾತಾಡುವ ಮಕ್ಕಳು ಅವು. ಯಾರ ಹತ್ತಿರ ಯಾವ ಮಾತೋ ಅದರಲ್ಲೇ ಮಾತಾಡುವುದು ಅವಕ್ಕೆ ಮನೆಯಲ್ಲಿ ಕಲಿಸಿದ ಮರ್ಯಾದೆ. ನನ್ನ ಹತ್ತಿರ ನನ್ನ ಮಾತಾಡುತ್ತಿದ್ದವು. ಇಷ್ಟರ ನಡುವೆ ಆ ಹುಡುಗಿ ಮಾತ್ರ ಯಾವ ಮಾತನ್ನೂ ಆಡುತ್ತಿರಲಿಲ್ಲ. ಕಾರ್ಡು ಕೊಟ್ಟರೆ ಬೆರಳಿಟ್ಟು ಕಣ್ಣಲ್ಲೇ ಓದಿ ಹಿಂದೆ ಕೊಡುತ್ತಿದ್ದಳು.

ಫೆಬ್ರವರಿಯಲ್ಲಿ ಪುತ್ತೂರಿಗೆ ಹೋದಾಗ, ಈ ಸಲ ಏನಾದರೂ ಆಗಲಿ ಹಲ್ಲು ಹಾಕಿಸಿಕೊಂಡೇ ಬರುವುದು ಎಂದು ಹೋದೆ. ಡಾಕ್ಟರಮ್ಮ ಒಂದೊಂದೇ ಸ್ಕ್ರೂವನ್ನು ಮೆಲ್ಲಗೆ ತಟ್ಟಿ ನೋಡಿದರು. ನಾಲ್ಕನೆಯದನ್ನು ಮುಟ್ಟಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

“ಮೂರು ಹಿಡಿದಿದೆ ಟೀಚರೇ. ಇದೊಂದು ತಿರುಗ್ತಾ ಉಂಟು. ತೆಗಿಬೇಕು.”

“ತೆಗೆದು?”

“ಗಾಯ ಒಣಗಿ, ಮತ್ತೆ ಹೊಸದು ಹಾಕಿ, ಮತ್ತೆ ಕಾಯುದು. ದಸರಾಕ್ಕೆ ಆಗ್ಬಹುದು.”

“ಮೂರರಲ್ಲೇ ಮಾಡಿ ಕೊಡಿ.”

“ಮೇಲಿನ ದವಡೆಗೆ ಮೂರು ಸಾಕಾಗುದಿಲ್ಲ. ನಾಳೆ ಅದೂ ಅಲುಗಾಡಿದ್ರೆ ನನ್ನನ್ನೇ ಬೈಯುದು ನೀವು.”

ನನಗೆ ತಿನ್ನುವುದಕ್ಕೆ ಹಲ್ಲು ಬೇಡ, ಒಂದು ಅಕ್ಷರಕ್ಕೆ ಬೇಕು ಎಂದು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಅಥವಾ ನನ್ನ ಮಾತು ಸರಿಯಾಗಿ ಕೇಳಿಸಲಿಲ್ಲ. “ಎಂತ ಮಾಡುದು ಟೀಚರೇ, ಎಲುಬು ನಮ್ಮ ಮಾತು ಕೇಳುದಿಲ್ಲ,” ಎಂದು ಹೆಗಲು ಮುಟ್ಟಿದರು. ಬೈಯಲು ಯಾರೂ ಇಲ್ಲದೆ ಹೋದದ್ದು ನನ್ನ ಜೀವನದಲ್ಲಿ ಅದೇ ಮೊದಲು. ತಪ್ಪು ಅವರದ್ದಲ್ಲ. ಶುಗರ್ ನನ್ನದು, ಎಲುಬು ನನ್ನದು. ಹಿಂದೆ ಬರುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತು ಬಂದೆ, ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಬೆರಳು ಮುಂದೆ ಮಾಡಿ ತೋರಿಸಿದೆ.

ಮಾರ್ಚ್‌ನಲ್ಲಿ ಒಂದು ಸಂಜೆ ಗಂಡ ಅಂಗಡಿ ಮುಚ್ಚಿ ಬಂದವರು ಊಟಕ್ಕೆ ಕೂತು ತಮ್ಮಷ್ಟಕ್ಕೇ ನಗುತ್ತಿದ್ದರು.

“ಇವತ್ತು ಪೇಟೆಯಲ್ಲಿ ಒಂದು ತಮಾಷೆ. ನಮ್ಮ ಪಕ್ಕದ ಜಿನಸಿನ ಅಂಗಡಿಗೆ ಒಬ್ಬಳು ಬಂದು ಹಾಹಿವೆ ಕೊಡಿ ಅಂತ ಕೇಳುದು. ಹಾಹಿವೆ ಅಂದ್ರೆ ಯಾರಿಗೂ ಗೊತ್ತಾಗ್ಲಿಲ್ಲ. ಕೊನೆಗೆ ನೋಡಿದ್ರೆ ಸಾಸಿವೆ ಮಾರಾಯ್ತಿ. ಅವಳ ಹತ್ರ ನಾಲ್ಕು ಸಲ ಹೇಳಿಸಿದ್ರು. ಆಚೆ ಈಚೆಯವರೆಲ್ಲ ಬಂದು ನಿಂತು ಕೇಳಿದ್ರು.”

“ನೀವೂ ನಿಂತಿದ್ರಾ?”

“ನಾನೂ ಹೋದೆ ಒಮ್ಮೆ.”

“ಆ ಹೆಂಗಹು ನಗಾಡಿತಾ?”

ಅವರು ಕೈ ನಿಲ್ಲಿಸಿದರು. “ಇಲ್ಲ. ಚೀಲ ಅಲ್ಲೇ ಬಿಟ್ಟು ಹೋಯ್ತು.”

ಅದು ನನ್ನ ಕನ್ನಡ ಎಂದು ಹೇಳಿದೆ. ಪೂರ್ತಿ ಕಥೆ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು, ಯಾಕೆಂದರೆ ಅದರ ತುಂಬಾ ಸಕಾರ. ಕೇಳಿ ಮುಗಿದ ಮೇಲೆ ಅವರು ಎದ್ದು ಕೈ ತೊಳೆದರು, ಅನ್ನ ಹಾಗೇ ಉಳಿಯಿತು. ಮರುದಿನ ಆ ಚೀಲವನ್ನು ಅಂಗಡಿಯಿಂದ ತಂದರು. ನಾನು ಅದನ್ನು ಹುಡುಗಿಯ ಕೈಯಲ್ಲಿ ಮನೆಗೆ ಕಳಿಸಿದೆ. ಹೋಗಿ ಮಾತಾಡಬೇಕೆಂದು ಎಷ್ಟೋ ಸಲ ಹೊರಟೆ. ಹೋದರೆ ಹೇಳುವುದು ಯಾವ ಬಾಯಲ್ಲಿ? ಈ ಬಾಯಲ್ಲಿ ಕ್ಷಮೆ ಕೇಳಿದರೆ ಅದೂ ‘ಕ್ಹಮಿಹಿ’ ಎಂದೇ ಆಗುತ್ತದೆ. ಅವರ ಮಾತನ್ನು ಆಡಿ ತೋರಿಸಿ ನಗುವವಳು ಇನ್ನೊಬ್ಬಳು ಬಂದಳು ಎಂದುಕೊಂಡಾರು ಎಂದು ಹೆದರಿದೆ. ಮಲಯಾಳದಲ್ಲಿ ಹೇಳಿದರೂ ಇದೇ ಬಾಯಿ. ಹಲ್ಲು ಬರಲಿ, ಆಮೇಲೆ ಹೋಗುತ್ತೇನೆ ಎಂದು ಸುಮ್ಮನಾದೆ.

ಬೇಸಗೆ ಹೋಯಿತು, ಮಳೆಗಾಲ ಹೋಯಿತು. ಹೊಸ ಸ್ಕ್ರೂ ಹಿಡಿಯಿತು. ದಸರಾ ರಜೆಯ ಎರಡನೆಯ ದಿನ ಡಾಕ್ಟರಮ್ಮ ಸೆಟ್ಟನ್ನು ಬಾಯಿಗಿಟ್ಟು ಹೆಬ್ಬೆರಳಿನಿಂದ ಒತ್ತಿದರು. ನಾಲ್ಕು ಕಡೆಯೂ ಟಕ್ಕೆಂದಿತು. “ಎಂತಾದ್ರೂ ಹೇಳಿ ಟೀಚರೇ,” ಎಂದರು. ಶ, ಷ, ಸ ಎಂದೆ. ಮೂರೂ ಬೇರೆ ಬೇರೆಯಾಗಿ ಬಂದವು. ಮತ್ತೊಮ್ಮೆ ಹೇಳಿದೆ. ನರ್ಸ್ ಟಿಶ್ಯೂ ಕೊಟ್ಟಳು. ಅಲ್ಲಿಂದ ಮನೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಸೂರ್ಯ, ಸಂಜೆ, ಸಾಸಿವೆ ಎಂದು ಬಾಯೊಳಗೇ ಹೇಳಿಕೊಳ್ಳುತ್ತಾ ನೇರ ಆ ರಬ್ಬರ್ ತೋಟದ ಹತ್ತಿರ ಇಳಿದೆ.

ಹುಡುಗಿ ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಒಣಗಲು ಹಗ್ಗಕ್ಕೆ ಹಾಕುತ್ತಿದ್ದ ಅಮ್ಮನ ಜೊತೆ ನಿಂತಿದ್ದಳು. ಮೊದಲು ಅವಳನ್ನೇ ಕರೆದೆ.

“ಸೂರ್ಯ,” ಎಂದೆ.

ಅವಳು ನನ್ನ ಬಾಯಿಯನ್ನು ನೋಡಿದಳು. “ಸೂರ್ಯ,” ಎಂದಳು. ಅಷ್ಟೇ. ಒಂದು ನಿಮಿಷ ಹಿಡಿಯಲಿಲ್ಲ. “ಟೀಚರ್‌ಗೆ ಈಗ ಬರ್ತದೆ,” ಎಂದು ಸಮಾಧಾನದಲ್ಲಿ ನಕ್ಕಳು.

“ತಪ್ಪು ನನ್ನದಿತ್ತು ಮಗಳೇ. ನೀನು ಸರಿಯಾಗಿಯೇ ಕಲಿತದ್ದು. ಇನ್ನು ಅಮ್ಮನಿಗೂ ಹೇಳಿಕೊಡು, ಆಯ್ತಾ?”

“ಅಮ್ಮ ಈಗ ಕನ್ನಡ ಮಾತಾಡುದಿಲ್ಲ ಟೀಚರ್.”

ಅಮ್ಮ ಶೀಟು ಬಿಟ್ಟು, ಕೈ ಒರೆಸಿಕೊಂಡು, ಒಳಗಿನಿಂದ ಕುರ್ಚಿ ತಂದಿಟ್ಟರು. ನಾನು ಕೂತು ಎಲ್ಲವನ್ನೂ ಹೇಳಿದೆ. ನನ್ನ ಹಲ್ಲು ಹೋದದ್ದು, ಮಗಳನ್ನು ಸುಮ್ಮನೆ ಬೈದದ್ದು, ಅಂಗಡಿಯವರು ನಕ್ಕದ್ದು ನಿಮ್ಮನ್ನಲ್ಲ ನನ್ನನ್ನು, ಕ್ಷಮಿಸಿ ಎಂದು. ಒಂದು ಸಕಾರವೂ ತಪ್ಪಲಿಲ್ಲ. ಅವರಿಗೆ ಅರ್ಥವಾಗುತ್ತಿತ್ತು, ಕಣ್ಣಲ್ಲಿ ಕಾಣುತ್ತಿತ್ತು. ನೀವು ಚೆಂದ ಮಾತಾಡ್ತಿದ್ದಿರಿ, ಬಿಡಬೇಡಿ, ನಾನೇ ದಿನಾ ಬಂದು ಕಲಿಸುತ್ತೇನೆ ಎಂದೆ. ಅವರು ತಲೆಯಾಡಿಸಿ ನಕ್ಕು, ಮಗಳ ಕಡೆ ತಿರುಗಿ ಮಲಯಾಳದಲ್ಲಿ ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿತ್ತು, ಅರ್ಥವೂ ಆಗಿತ್ತು. ಆದರೂ ಹುಡುಗಿ ಹೇಳುವವರೆಗೆ ಕಾದೆ.

“ಟೀಚರ ಹಲ್ಲು ಚೆಂದ ಉಂಟಂತೆ,” ಎಂದಳು ಹುಡುಗಿ. “ಹಾಕುವಾಗ ತುಂಬಾ ನೋವಾಯ್ತಾ ಅಂತ ಕೇಳ್ತಿದ್ದಾರೆ.”

“ಇಲ್ಲ ಅಂತ ಹೇಳು,” ಎಂದೆ.